ಬಾಯ್ಮಾತಿನ ಕೆಲಸಕ್ಕೆ ಒಂದು ಹಾಳೆಯ ಬಲ: ಕಾಸರಗೋಡಿನ ಕಲಾವಿದರು, ಕುಶಲಕರ್ಮಿಗಳು ತಿಳಿದಿರಬೇಕಾದ ಕಾನೂನು

ಗಡಿಯಾಚೆಯ ಊರಿನಿಂದ ಒಂದು ಫೋನ್ ಬರುತ್ತದೆ. ಹತ್ತು ಕಿರೀಟ, ಅವಕ್ಕೆ ಹೊಂದುವ ಭುಜಕೀರ್ತಿ, ಎದೆಕಟ್ಟು ಬೇಕು, ಪತ್ತನಾಜೆಗೆ ಮೊದಲು ಕೊಡಬೇಕು. ಮುಂಗಡವಾಗಿ ಒಂದಷ್ಟು ಹಣ ಮೊಬೈಲಿಗೆ ಬೀಳುತ್ತದೆ. ಹಗಲಿರುಳು ಕುಳಿತು ಕೆಲಸ ಮುಗಿಸಿ, ವಾಹನ ಮಾಡಿಕೊಂಡು ಹೋಗಿ ತಲುಪಿಸಿದ ಮೇಲೆ ‘ಈ ಬಣ್ಣ ನಾವು ಹೇಳಿದ್ದಲ್ಲ’ ಎಂಬ ಮಾತು ಬರುತ್ತದೆ. ಉಳಿದ ಹಣ ಇಂದು ನಾಳೆ ಎಂದು ಮುಂದೆ ಹೋಗುತ್ತದೆ. ಮರುವರ್ಷ ಅದೇ ಮಾದರಿಯ ಕಿರೀಟಗಳನ್ನು ಬೇರೊಬ್ಬರು ಅಗ್ಗದಲ್ಲಿ ಮಾಡಿ ಮಾರುತ್ತಿರುವುದು ಕಣ್ಣಿಗೆ ಬೀಳುತ್ತದೆ.

ಮಂಜೇಶ್ವರದಿಂದ ಹೊಸದುರ್ಗದವರೆಗೆ ಕೈಕೆಲಸದಿಂದ, ಕಲೆಯಿಂದ ಬದುಕುವ ಯಾರನ್ನೇ ಕೇಳಿ, ಈ ಕಥೆಯ ಒಂದಲ್ಲ ಒಂದು ರೂಪ ಸಿಗುತ್ತದೆ. ಮಗ್ಗದ ಮುಂದೆ ಕೂತವರಿಗೆ ಸೀರೆಯ ಅಂಚಿನ ಮಾದರಿ ಕೈತಪ್ಪಿದ ನೋವು. ಬುಟ್ಟಿ ಹೆಣೆಯುವವರಿಗೆ ಅಂಗಡಿಯವರಿಂದ ಬಾಕಿ. ವೇಷಭೂಷಣ ಬಾಡಿಗೆಗೆ ಕೊಡುವವರಿಗೆ ಹರಿದು ಬಂದ ದಗಲೆ. ಭಾಗವತರಿಗೆ, ತಮ್ಮನ್ನು ಕೇಳದೆಯೇ ಹಾಡು ಯೂಟ್ಯೂಬ್‌ಗೆ ಏರಿದ ಬೇಸರ.

ಇವರಲ್ಲಿ ಹೆಚ್ಚಿನವರು ‘ನಮಗೆಲ್ಲಿಯ ಕಾನೂನು’ ಎಂದು ಕೈಚೆಲ್ಲುತ್ತಾರೆ. ಅದು ತಪ್ಪು ತಿಳಿವಳಿಕೆ. ಕಾನೂನು ನಿಮಗೆ ಕೊಟ್ಟಿರುವ ಹಕ್ಕುಗಳಲ್ಲಿ ಹಲವು ಯಾವ ಕಚೇರಿಯ ಮೆಟ್ಟಿಲು ಹತ್ತದೆಯೂ, ನೀವು ಕೆಲಸ ಮಾಡಿದ ಕ್ಷಣದಲ್ಲೇ ನಿಮ್ಮವಾಗಿರುತ್ತವೆ. ಇಲ್ಲದಿರುವುದು ಅವನ್ನು ತೋರಿಸಿಕೊಡುವ ಕಾಗದ ಮಾತ್ರ. ಆ ಕಾಗದವನ್ನು ಹೊಂದಿಸಿಕೊಳ್ಳುವ ಬಗೆ ಈ ಲೇಖನದ ವಿಷಯ. ದೊಡ್ಡ ಮೊತ್ತದ ಅಥವಾ ಜಟಿಲವಾದ ವಿಚಾರಕ್ಕೆ ವಕೀಲರನ್ನು ಕಾಣಲೇಬೇಕು. ಶುಲ್ಕ, ತೆರಿಗೆ ಮಿತಿಗಳು ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನ ಒಮ್ಮೆ ವಿಚಾರಿಸಿಕೊಳ್ಳಿ.

ಕರಾರು: ಮೊದಲು ಬರೆಯಿರಿ, ಆಮೇಲೆ ಬಣ್ಣ ಕಲಸಿ

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯ್ಮಾತಿನ ಒಪ್ಪಂದವೂ ಒಪ್ಪಂದವೇ. ಆದ್ದರಿಂದ ‘ಬರೆದುಕೊಟ್ಟಿಲ್ಲ, ಹಾಗಾಗಿ ಹಣ ಕೊಡಬೇಕಾಗಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೊಂದರೆ ಇರುವುದು ರುಜುವಾತಿನಲ್ಲಿ. ಏನು ಒಪ್ಪಿದಿರಿ, ಎಷ್ಟಕ್ಕೆ ಒಪ್ಪಿದಿರಿ ಎಂದು ನ್ಯಾಯಾಲಯ ಕೇಳಿದಾಗ ಇಬ್ಬರ ಮಾತು ಎದುರುಬದುರಾದರೆ, ಬರಹ ಇದ್ದವರ ಕೈ ಮೇಲಾಗುತ್ತದೆ.

ಬರಹ ಎಂದರೆ ಪುಟಗಟ್ಟಲೆ ಬೇಕಿಲ್ಲ, ಇಂಗ್ಲಿಷ್‌ನಲ್ಲೂ ಇರಬೇಕಿಲ್ಲ. ಕನ್ನಡದಲ್ಲಿ ಬರೆದ ಕರಾರಿಗೆ ಪೂರ್ಣ ಬೆಲೆಯಿದೆ. ಒಂದು ಹಾಳೆಯಲ್ಲಿ ಇಷ್ಟಿರಲಿ:

1. ಎರಡೂ ಕಡೆಯವರ ಪೂರ್ಣ ಹೆಸರು, ವಿಳಾಸ. ಸಂಘ ಅಥವಾ ಮೇಳವಾದರೆ ಸಹಿ ಹಾಕುವವರು ಯಾವ ಹುದ್ದೆಯಲ್ಲಿ ಹಾಕುತ್ತಿದ್ದಾರೆ ಎಂಬುದು. ಅಧ್ಯಕ್ಷರು ಬದಲಾದ ಮೇಲೆ ‘ಅದು ಹಳೆಯ ಸಮಿತಿಯ ಲೆಕ್ಕ’ ಎಂದು ಜಾರಿಕೊಳ್ಳಲು ಇದರಿಂದ ಆಗದು.

2. ಕೆಲಸದ ವಿವರ. ಅಳತೆ, ಎಣಿಕೆ, ಬಣ್ಣ, ವಸ್ತು. ಒಂದು ರೇಖಾಚಿತ್ರವನ್ನೋ ಮಾದರಿಯ ಫೋಟೊವನ್ನೋ ಲಗತ್ತಿಸಿ ಅದರ ಮೇಲೂ ಸಹಿ ಪಡೆಯಿರಿ. ಪ್ರದರ್ಶನವಾದರೆ ದಿನಾಂಕ, ಸ್ಥಳ, ಪ್ರಸಂಗ, ಹೊತ್ತು, ಕಲಾವಿದರ ಸಂಖ್ಯೆ.

3. ಒಟ್ಟು ಮೊತ್ತ, ಮುಂಗಡ, ಉಳಿದದ್ದನ್ನು ಕೊಡುವ ದಿನ. ‘ಕೆಲಸ ಮುಗಿದ ಮೇಲೆ’ ಎಂದಷ್ಟೇ ಬರೆಯಬೇಡಿ. ‘ತಲುಪಿಸಿದ 15 ದಿನದೊಳಗೆ’ ಎಂದು ಬರೆಯಿರಿ.

4. ರದ್ದಾದರೆ ಏನು? ಮಳೆಯಿಂದ ಆಟ ನಿಂತರೆ ವೀಳ್ಯ ಪೂರ್ತಿಯೋ ಅರ್ಧವೋ? ಅರ್ಧ ಕೆಲಸ ಆದ ಮೇಲೆ ಬೇಡವೆಂದರೆ ಮುಂಗಡ ಯಾರದು?

5. ದೋಷ ಹೇಳುವ ಅವಧಿ. ವಸ್ತು ತಲುಪಿದ 7 ದಿನದೊಳಗೆ ತಕರಾರು ತಿಳಿಸದಿದ್ದರೆ ಒಪ್ಪಿಕೊಂಡಂತೆ ಎಂಬ ಒಂದು ಸಾಲು ಎಷ್ಟೋ ಜಗಳಗಳನ್ನು ಉಳಿಸುತ್ತದೆ.

6. ವಿನ್ಯಾಸದ ಹಕ್ಕು ಯಾರಲ್ಲಿ ಉಳಿಯುತ್ತದೆ ಎಂಬುದು. ಇದನ್ನು ಮುಂದೆ ವಿವರವಾಗಿ ನೋಡೋಣ.

7. ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ.

ಕೊನೆಯ ಅಂಶ ಗಡಿನಾಡಿನವರಿಗೆ ತುಂಬ ಮುಖ್ಯ. ತಲಪಾಡಿ ದಾಟಿದರೆ ನ್ಯಾಯಾಲಯ ಬೇರೆ, ಹೈಕೋರ್ಟೂ ಬೇರೆ. ಸಾಮಾನ್ಯವಾಗಿ ಪ್ರತಿವಾದಿ ಇರುವ ಊರಿನಲ್ಲಿ ಅಥವಾ ವ್ಯವಹಾರದ ಯಾವುದಾದರೊಂದು ಭಾಗ ನಡೆದ ಊರಿನಲ್ಲಿ ದಾವೆ ಹೂಡಬಹುದು. ಹೀಗೆ ಎರಡು ಊರಿಗೂ ಅಧಿಕಾರ ಇದ್ದಾಗ ‘ಕಾಸರಗೋಡಿನ ನ್ಯಾಯಾಲಯವೇ’ ಎಂದು ಮೊದಲೇ ಬರೆದುಕೊಳ್ಳಲು ಕಾನೂನು ಬಿಡುತ್ತದೆ. ಸಂಬಂಧವೇ ಇಲ್ಲದ ಊರಿನ ನ್ಯಾಯಾಲಯವನ್ನು ಹೀಗೆ ಆರಿಸಿಕೊಳ್ಳಲಾಗದು. ದೊಡ್ಡ ನಗರದ ಸಂಸ್ಥೆಗಳು ಕಳಿಸುವ ಅಚ್ಚಿನ ಕರಾರಿನಲ್ಲಿ ಈ ಸಾಲು ಅವರ ಊರಿನ ಹೆಸರಿನೊಂದಿಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹುಡುಕಿ ಓದಿ, ಬದಲಾಯಿಸಲು ಕೇಳಿ.

ಮೊತ್ತ ದೊಡ್ಡದಿದ್ದರೆ ಸೂಕ್ತ ಬೆಲೆಯ ಛಾಪಾ ಕಾಗದದಲ್ಲಿ ಬರೆಯುವುದು ಒಳ್ಳೆಯದು. ಛಾಪಾ ಇಲ್ಲದ ಮಾತ್ರಕ್ಕೆ ಕರಾರು ಬಿದ್ದುಹೋಗುವುದಿಲ್ಲ. ನ್ಯಾಯಾಲಯದಲ್ಲಿ ಅದನ್ನು ಪುರಾವೆಯಾಗಿ ಹಾಜರುಪಡಿಸುವ ಮುನ್ನ ಶುಲ್ಕ ಮತ್ತು ದಂಡ ಕಟ್ಟಬೇಕಾಗುತ್ತದೆ, ಅಷ್ಟೇ.

ಸಹಿ ಕೇಳಲು ಸಂಕೋಚವಾದರೆ ವಾಟ್ಸ್ಆಪ್ ಸಂದೇಶವನ್ನಾದರೂ ಕಳಿಸಿ. ‘ನಿನ್ನೆ ಮಾತಾಡಿದಂತೆ 10 ಕಿರೀಟ, ಒಟ್ಟು ಇಷ್ಟು ರೂಪಾಯಿ, ಮುಂಗಡ ಇಷ್ಟು ಬಂದಿದೆ, ಉಳಿದದ್ದು ತಲುಪಿಸಿದ 15 ದಿನದಲ್ಲಿ. ಸರಿ ಇದ್ದರೆ ಒಪ್ಪಿಗೆ ತಿಳಿಸಿ.’ ಅತ್ತ ಕಡೆಯಿಂದ ‘ಸರಿ’ ಎಂದು ಬಂದರೆ ಅದು ಕರಾರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ಒಪ್ಪಂದವನ್ನು ಮಾನ್ಯ ಮಾಡುತ್ತದೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಇಂಥ ಪುರಾವೆಗೆ ಪ್ರಮಾಣಪತ್ರ ಲಗತ್ತಿಸಬೇಕು. ಮೂಲ ಫೋನ್‌ನಲ್ಲಿರುವ ಸಂಭಾಷಣೆಯನ್ನು ಅಳಿಸಬೇಡಿ. ಹೊಸ ಫೋನ್ ತೆಗೆದುಕೊಂಡಾಗ ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಬಾಕಿ ವ್ಯವಹಾರ ಏನೇನಿದೆ ಎಂದು ನೋಡಿಕೊಳ್ಳಿ.

ಬಾಡಿಗೆಗೆ ವೇಷಭೂಷಣ, ಚೆಂಡೆ, ಬೊಂಬೆ ಕೊಡುವವರಿಗೆ ಇನ್ನೂ ಒಂದು ಮಾತು. ತೆಗೆದುಕೊಂಡವರು ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಅದನ್ನು ಕಾಯಬೇಕು ಎನ್ನುತ್ತದೆ ಕರಾರು ಕಾಯ್ದೆ. ಅಷ್ಟು ಎಚ್ಚರ ವಹಿಸಿಯೂ ಹಾನಿಯಾದರೆ, ಉದಾಹರಣೆಗೆ ಯಾರ ತಪ್ಪೂ ಇಲ್ಲದೆ ಚೌಕಿಗೆ ಬೆಂಕಿ ಬಿದ್ದರೆ, ವಿಶೇಷ ಕರಾರು ಇಲ್ಲದಿದ್ದಲ್ಲಿ ಅವರು ಹೊಣೆಗಾರರಲ್ಲ. ಆ ವಿಶೇಷ ಕರಾರೇ ನಿಮ್ಮ ರಶೀದಿಯ ಒಂದು ಸಾಲು: ‘ಯಾವ ಕಾರಣದಿಂದ ಹಾನಿಯಾದರೂ ಪಡೆದವರು ಭರಿಸತಕ್ಕದ್ದು.’ ಪ್ರತಿ ವಸ್ತುವಿನ ಬೆಲೆಯನ್ನು ಪಟ್ಟಿಯಲ್ಲಿ ನಮೂದಿಸಿ, ಕೊಡುವಾಗ ಮತ್ತು ಮರಳಿ ಪಡೆಯುವಾಗ ಫೋಟೊ ತೆಗೆಯಿರಿ.

ವಿನ್ಯಾಸ, ಪ್ರಸಂಗ, ಹಾಡು: ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಸ್ವಂತವಾಗಿ ರಚಿಸಿದ ಚಿತ್ರ, ಶಿಲ್ಪ, ಕುಶಲ ಕಲಾಕೃತಿ, ಪ್ರಸಂಗ, ಪದ್ಯಗಳ ಹಕ್ಕು ರಚಿಸಿದ ಕ್ಷಣದಲ್ಲೇ ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ರಚಿಸಿದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಬಳಿಕದ 60 ವರ್ಷ ಅದು ಉಳಿಯುತ್ತದೆ.

ನಮ್ಮ ನೆಲದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಯಾವ ಮೇಳವೂ ಯಾರ ಅನುಮತಿಯೂ ಇಲ್ಲದೆ ಆಡಬಹುದು. ಆ ಕಾಲ ಎಂದೋ ಕಳೆದಿದೆ. ಆದರೆ ನಮ್ಮ ಕಾಲದ ಕವಿ ಬರೆದ ಪ್ರಸಂಗಕ್ಕೆ ಹಕ್ಕು ಜೀವಂತವಾಗಿದೆ. ಕೋಟ ಶಿವರಾಮ ಕಾರಂತರು ರೂಪಿಸಿದ ಯಕ್ಷರಂಗದ ಪ್ರಯೋಗಗಳ ವಿಚಾರದಲ್ಲಿ ಇದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾರಂತರು 1994ರಲ್ಲಿ ಉಯಿಲು ಬರೆದು, 1997ರಲ್ಲಿ ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾದಾಗ, ಉಯಿಲಿನಿಂದ ಹಕ್ಕು ಪಡೆದಿದ್ದ ಮಾಲಿನಿ ಮಲ್ಯ ಅವರು ಉಡುಪಿಯ ನ್ಯಾಯಾಲಯಕ್ಕೆ ಹೋದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ ಕಾಯ್ದೆಯಲ್ಲೇ ಇರುವ ಶೈಕ್ಷಣಿಕ ಬಳಕೆಯಂಥ ವಿನಾಯಿತಿಗಳು ಪ್ರದರ್ಶನ ನಡೆಸಿದ ಎದುರುಪಕ್ಷಕ್ಕೂ ಸಿಗುತ್ತವೆ ಎಂದು ಸ್ಪಷ್ಟಪಡಿಸಿತು. ಯಕ್ಷಗಾನಕ್ಕೂ ಕೃತಿಸ್ವಾಮ್ಯಕ್ಕೂ ಏನು ಸಂಬಂಧ ಎನ್ನುವವರಿಗೆ ಈ ಒಂದು ತೀರ್ಪು ಸಾಕು. ಉಯಿಲಿನಲ್ಲಿ ಮನೆ, ತೋಟದ ಜೊತೆಗೆ ತಮ್ಮ ಕೃತಿಗಳ ಹಕ್ಕನ್ನೂ ಹೆಸರಿಸಬೇಕು ಎಂಬುದನ್ನೂ ಅದರಿಂದ ಕಲಿಯಬಹುದು. ಪ್ರಸಂಗಕರ್ತರಲ್ಲಿ ಎಷ್ಟು ಜನ ಇದನ್ನು ಮಾಡುತ್ತಾರೆ!

ಹಣ ಪಡೆದು ಮಾಡಿಕೊಟ್ಟ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬೇರೊಬ್ಬರ ಕೋರಿಕೆಯ ಮೇರೆಗೆ, ಪ್ರತಿಫಲ ಪಡೆದು ಬರೆದ ವರ್ಣಚಿತ್ರ, ಭಾವಚಿತ್ರ, ತೆಗೆದ ಫೋಟೊ, ಮಾಡಿದ ಚಲನಚಿತ್ರ ಇವುಗಳ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮಾಡಿಸಿದವರಿಗೇ ಹೋಗುತ್ತದೆ. ಆದರೆ ಕಿರೀಟ, ಬೊಂಬೆ, ಕೆತ್ತನೆಯ ಶಿಲ್ಪ ಆ ಪಟ್ಟಿಯಲ್ಲಿ ಇಲ್ಲ. ಅವುಗಳಲ್ಲಿ ವಸ್ತು ಕೊಂಡವರದಾದರೂ, ಅದರ ಸ್ವಂತಿಕೆಯ ರೂಪದ ಹಕ್ಕು ಸಾಮಾನ್ಯವಾಗಿ ಮಾಡಿದವರಲ್ಲೇ ಉಳಿಯುತ್ತದೆ. ಸಂಬಳಕ್ಕೆ ನೌಕರಿಯಲ್ಲಿದ್ದು ಮಾಡಿದರೆ ಮಾತ್ರ ಹಕ್ಕು ಮಾಲೀಕರದು. ಆದ್ದರಿಂದ ಗೋಡೆಚಿತ್ರ, ಪರದೆಯ ಚಿತ್ರ ಬರೆದುಕೊಡುವವರು ‘ಕೃತಿಸ್ವಾಮ್ಯ ಕಲಾವಿದರಲ್ಲೇ ಇರುತ್ತದೆ’ ಎಂಬ ಸಾಲನ್ನು ಕರಾರಿನಲ್ಲಿ ಸೇರಿಸಲು ಮರೆಯಬಾರದು.

ಹಕ್ಕನ್ನು ಬೇರೆಯವರಿಗೆ ಕೊಡುವುದಾದರೆ ಅದು ಬರಹದಲ್ಲೇ, ಸಹಿಯೊಂದಿಗೇ ಆಗಬೇಕು. ಬಾಯ್ಮಾತಿನಿಂದ ಕೃತಿಸ್ವಾಮ್ಯ ಕೈಬದಲಾಗದು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದೇ ಕಾಯ್ದೆ ಭಾವಿಸುತ್ತದೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂದು ಬರೆದ ಹಾಳೆಗೆ ಸಹಿ ಹಾಕುವ ಮುನ್ನ ಬೇಕಾದ ಬಳಕೆ ಯಾವುದು ಎಂದು ಕೇಳಿ, ಅಷ್ಟನ್ನೇ ಕೊಡಿ.

ಪ್ರದರ್ಶನ ನೀಡುವವರ ಹಕ್ಕು ಬೇರೆಯೇ ಇದೆ. ನಟ, ಗಾಯಕ, ವಾದಕ, ನರ್ತಕ, ಉಪನ್ಯಾಸ ನೀಡುವವರು, ಪ್ರದರ್ಶನ ಮಾಡುವ ಯಾರೇ ಆದರೂ ಇದರ ವ್ಯಾಪ್ತಿಗೆ ಬರುತ್ತಾರೆ. ಬೊಂಬೆಯಾಟದಲ್ಲಿ ಸೂತ್ರ ಹಿಡಿದವರೂ, ತಾಳಮದ್ದಳೆಯಲ್ಲಿ ಆಶುವಾಗಿ ಮಾತಾಡುವ ಅರ್ಥಧಾರಿಯೂ ಇದರಲ್ಲಿ ಸೇರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಪ್ರದರ್ಶನವನ್ನು ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಸಿ, ಚಿತ್ರೀಕರಿಸಿ ಪ್ರಸಾರ ಮಾಡುವಂತಿಲ್ಲ. ಈ ಹಕ್ಕು 50 ವರ್ಷ ಇರುತ್ತದೆ. ಆಟ ನಿಗದಿಯಾಗುವಾಗಲೇ ‘ನೇರ ಪ್ರಸಾರ ಉಂಟೇ? ಆಮೇಲೆ ಚಾನೆಲ್‌ನಲ್ಲಿ ಉಳಿಯುತ್ತದೆಯೇ? ಅದರ ವರಮಾನದಲ್ಲಿ ಪಾಲು ಎಷ್ಟು?’ ಎಂದು ಕೇಳುವುದು ದುರಾಸೆಯಲ್ಲ. ಎಲ್ಲರಿಗೂ ಬಿಟ್ಟುಕೊಡುವುದೇ ನಿಮ್ಮ ಇಷ್ಟವಾದರೆ ಅದೂ ಸರಿ, ಆದರೆ ಆ ತೀರ್ಮಾನ ನಿಮ್ಮದಾಗಿರಲಿ.

ಒಂದೇ ವಿನ್ಯಾಸವನ್ನು ಹಲವು ಪ್ರತಿ ಮಾಡಿ ಮಾರುವವರು ಇನ್ನೊಂದು ಸಂಗತಿ ತಿಳಿದಿರಬೇಕು. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, 50ಕ್ಕಿಂತ ಹೆಚ್ಚು ವಸ್ತುಗಳಲ್ಲಿ ಬಳಸಿದರೆ ಅದರ ಮೇಲಿನ ಕೃತಿಸ್ವಾಮ್ಯ ಮುಗಿಯುತ್ತದೆ. ಕೈಯಿಂದ ಮಾಡಿದರೂ ಈ ನಿಯಮ ಅನ್ವಯಿಸಬಹುದು, ಏಕೆಂದರೆ ಕಾಯ್ದೆ ‘ಕೈಯಿಂದ, ಯಂತ್ರದಿಂದ ಅಥವಾ ರಾಸಾಯನಿಕವಾಗಿ’ ಎಂದೇ ಹೇಳುತ್ತದೆ. ಸೀರೆಯ ಅಂಚಿಗೆ, ಚೀಲಕ್ಕೆ ಹೊಸ ಮಾದರಿ ರೂಪಿಸಿ ನೂರಾರು ಮಾರುವ ಯೋಚನೆ ಇದ್ದರೆ ಮೊದಲು ವಿನ್ಯಾಸ ನೋಂದಣಿ ಮಾಡಿಸಿ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಅರ್ಜಿ ಶುಲ್ಕ 1,000 ರೂಪಾಯಿ. ರಕ್ಷಣೆ 10 ವರ್ಷ, ನವೀಕರಿಸಿದರೆ ಇನ್ನೂ 5.

ಎಚ್ಚರಿಕೆ: ಅರ್ಜಿ ಹಾಕುವ ಮೊದಲೇ ಇನ್‌ಸ್ಟಾಗ್ರಾಂನಲ್ಲೋ ಸ್ಟೇಟಸ್‌ನಲ್ಲೋ ಹೊಸ ಮಾದರಿಯನ್ನು ಹಾಕಿಬಿಟ್ಟರೆ ಅದು ‘ಹೊಸತು’ ಎನಿಸಿಕೊಳ್ಳುವುದಿಲ್ಲ, ನೋಂದಣಿ ಸಿಗದು. ತಲೆತಲಾಂತರದಿಂದ ಬಂದ ಚೌಕುಳಿ, ಪಟ್ಟೆಯ ಮಾದರಿಯನ್ನು ಒಬ್ಬರೇ ತಮ್ಮದೆಂದು ನೋಂದಾಯಿಸಿಕೊಳ್ಳಲೂ ಆಗದು.

ಹೆಸರಿನ ರಕ್ಷಣೆ

ತಲೆಮಾರುಗಳ ಸೊತ್ತು ಸಮುದಾಯದ್ದು. ಅದನ್ನು ಕಾಯಲು ಇರುವುದು 1999ರ ಭೌಗೋಳಿಕ ಗುರುತು ಕಾಯ್ದೆ. ನಾವು ಜಿಐ ಎನ್ನುತ್ತೇವಲ್ಲ, ಅದು. ನೂಲಿನ ಎಣಿಕೆ ಹೆಚ್ಚಿರುವ, ಬಾಳಿಕೆಗೆ ಹೆಸರಾದ ಕಾಸರಗೋಡು ಕೈಮಗ್ಗದ ಹತ್ತಿ ಸೀರೆಗೆ ಈ ಗುರುತು ಸಿಕ್ಕಿದೆ. 1938ರಲ್ಲಿ ಆರಂಭವಾದ ಕಾಸರಗೋಡು ನೇಕಾರರ ಸಹಕಾರಿ ಸಂಘ ಆ ನೇಯ್ಗೆಯನ್ನು ಇಂದಿಗೂ ಉಳಿಸಿಕೊಂಡು ಬಂದಿದೆ. ಗಡಿಯಾಚೆ ಉಡುಪಿ ಸೀರೆಗೂ ಜಿಐ ಬಂದಿದೆ.

ಜಿಐ ಬಂದ ಮಾತ್ರಕ್ಕೆ ಪ್ರತಿಯೊಬ್ಬ ನೇಕಾರನಿಗೂ ತಾನಾಗಿ ಹಕ್ಕು ಬರುವುದಿಲ್ಲ. ‘ಅಧಿಕೃತ ಬಳಕೆದಾರ’ ಎಂದು ಚೆನ್ನೈಯ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿಕೊಳ್ಳಬೇಕು. 500 ರೂಪಾಯಿ ಇದ್ದ ಅರ್ಜಿ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಲಾಯಿತು. ಹತ್ತು ರೂಪಾಯಿಗೆ ಸಿಗುವ ಇಷ್ಟು ದೊಡ್ಡ ರಕ್ಷಣೆ ಬೇರೊಂದಿಲ್ಲ. ಆದರೂ ಎಷ್ಟೋ ನೇಕಾರರಿಗೆ ಈ ಸುದ್ದಿಯೇ ತಲುಪಿಲ್ಲ ಎಂಬುದು ಬೇಸರದ ಸಂಗತಿ. ವಿದ್ಯುತ್ ಮಗ್ಗದ ಸೀರೆಗೆ ಕಾಸರಗೋಡಿನ ಹೆಸರು ಅಂಟಿಸಿ ಮಾರುವವರ ವಿರುದ್ಧ ನಿಲ್ಲಲು ಈ ದಾಖಲೆಯೇ ಬೇಕು.

ಸ್ವಂತ ಅಂಗಡಿ, ತಂಡ, ಬ್ರ್ಯಾಂಡಿನ ಹೆಸರಿಗೆ ಬೇಕಾದದ್ದು ಟ್ರೇಡ್‌ಮಾರ್ಕ್. ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿ. ಬಟ್ಟೆಬರೆಗೆ 25ನೇ ವರ್ಗ, ಬಟ್ಟೆಯ ಥಾನುಗಳಿಗೆ 24, ಮನರಂಜನೆ ಮತ್ತು ಪ್ರದರ್ಶನಕ್ಕೆ 41. ನೋಂದಣಿ 10 ವರ್ಷಕ್ಕೆ, ಮತ್ತೆ ಮತ್ತೆ ನವೀಕರಿಸಬಹುದು. ಮೇಳವೋ ತಂಡವೋ ಒಡೆದಾಗ ‘ಹಳೆಯ ಹೆಸರು ಯಾರಿಗೆ’ ಎಂಬ ಜಗಳ ಹುಟ್ಟುವುದು ನಮಗೆ ಹೊಸತಲ್ಲ. ತಂಡ ಕಟ್ಟುವಾಗಲೇ ಹೆಸರು ವ್ಯಕ್ತಿಯದೋ ಸಂಘದ್ದೋ ಎಂದು ಬರೆದಿಡಿ. ಸಂಘ ನೋಂದಾಯಿಸುವುದಾದರೆ, ಕಾಸರಗೋಡು ಹಿಂದಿನ ಮಲಬಾರ್ ಪ್ರದೇಶದ ಲೆಕ್ಕಕ್ಕೆ ಬರುವುದರಿಂದ 1860ರ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ತಿರುವಿತಾಂಕೂರಿನ ಕಡೆಯ ನಿಯಮಾವಳಿಯ ಮಾದರಿಯನ್ನು ನಕಲು ಮಾಡಬೇಡಿ. ಇಬ್ಬರು ಮೂವರು ಲಾಭಕ್ಕಾಗಿ ಸೇರಿ ಮಾಡುವುದಾದರೆ ಪಾಲುದಾರಿಕೆ ಪತ್ರ ಬರೆದು ಸಂಸ್ಥೆಯನ್ನು ನೋಂದಾಯಿಸಿ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ.

ನೋಂದಣಿ, ತೆರಿಗೆ, ತಲಪಾಡಿ ದಾಟುವ ಸರಕು

ಮೊದಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಇದು ಆಧಾರ್ ಮತ್ತು ಪ್ಯಾನ್ ಸಂಖ್ಯೆಯ ಮೇಲೆ ಆನ್‌ಲೈನ್‌ನಲ್ಲಿ ನಡೆಯುತ್ತದೆ, ಪೂರ್ತಿ ಉಚಿತ. ಸರ್ಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳು ಸಾವಿರಾರು ರೂಪಾಯಿ ಕೇಳುತ್ತವೆ, ಕೊಡಬೇಡಿ. ಅಕ್ಷಯ ಕೇಂದ್ರದಲ್ಲಿ ಮಾಡಿಸಿದರೆ ಅಲ್ಲಿನ ಸೇವಾ ಶುಲ್ಕ ಮಾತ್ರ. ಇದರ ನಿಜವಾದ ಬಲ ಬಾಕಿ ವಸೂಲಿಯ ಹೊತ್ತಿಗೆ ಗೊತ್ತಾಗುತ್ತದೆ. ಕರಾರು ಆಗುವ ಮೊದಲೇ ನೋಂದಣಿ ಇರಲಿ. ಬಾಕಿ ನಿಂತ ಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ಅದರ ಲಾಭ ಸಿಗುತ್ತದೆಂದು ನಂಬಿ ಕೂರಬೇಡಿ.

ಕುಶಲಕರ್ಮಿಗಳು ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ‘ಪೆಹಚಾನ್’ ಗುರುತು ಚೀಟಿಯನ್ನೂ ಮಾಡಿಸಿಕೊಳ್ಳಿ. ಮಕ್ಕಳ ಆಟಿಕೆ ಮಾರಲು 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. ಆ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಪುಟ್ಟ ಯಕ್ಷಗಾನ ಬೊಂಬೆಗಳನ್ನು ಮಕ್ಕಳಿಗೆಂದು ಮಾಡಿ ಮಾರುವವರಿಗೆ ಈ ಚೀಟಿ ಇದ್ದರೆ ನೆಮ್ಮದಿ.

ಮನೆಯಲ್ಲೇ ಸಣ್ಣ ಘಟಕ ತೆರೆಯುವವರು 2019ರ ಕೇರಳ ಕಿರು, ಸಣ್ಣ, ಮಧ್ಯಮ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯಡಿ ಕೆ-ಸ್ವಿಫ್ಟ್ ತಾಣದಲ್ಲಿ ಸ್ವೀಕೃತಿ ಪತ್ರ ಪಡೆಯಬಹುದು. ಮೂರು ವರ್ಷ ಬೇರೆ ಪರವಾನಗಿ ಇಲ್ಲದೆ ನಡೆಸಲು ಅದು ಅವಕಾಶ ಕೊಡುತ್ತದೆ; ಆಮೇಲೆ ಆರು ತಿಂಗಳೊಳಗೆ ಬೇಕಾದ ಪರವಾನಗಿ ಮಾಡಿಸಿಕೊಳ್ಳಬೇಕು. ಗದ್ದೆ ತುಂಬಿಸಿ ಶೆಡ್ ಕಟ್ಟಲು ಈ ಪತ್ರ ಅನುಮತಿಯಲ್ಲ. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದರ ಮಾರ್ಗದರ್ಶನ ಸಿಗುತ್ತದೆ.

ಜಿಎಸ್‌ಟಿಯ ಹೆದರಿಕೆ ಬೇಕಿಲ್ಲ. ಕೇರಳದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಜನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಕಲೆಯ ಕಲಾವಿದರು ನೀಡುವ ಪ್ರದರ್ಶನಕ್ಕೆ, ಒಂದು ಪ್ರದರ್ಶನದ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ, ತೆರಿಗೆಯೇ ಇಲ್ಲ.

ಆದರೆ ಹೊರರಾಜ್ಯಕ್ಕೆ ಸರಕು ಮಾರಿದರೆ ಮಿತಿ ನೋಡದೆ ನೋಂದಣಿ ಕಡ್ಡಾಯ ಎಂಬುದು ಸಾಮಾನ್ಯ ನಿಯಮ. ಕಾಸರಗೋಡಿನವರಿಗೆ ಇದು ದೊಡ್ಡ ತೊಡಕಾಗಬೇಕಿತ್ತು, ಏಕೆಂದರೆ ನಮ್ಮ ಪೇಟೆ ಮಂಗಳೂರು. 2018ರ ಅಕ್ಟೋಬರಿನ ಅಧಿಸೂಚನೆ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಮುಖ್ಯವಾಗಿ ಕೈಯಿಂದಲೇ ಮಾಡಿದ, ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು 20 ಲಕ್ಷದ ಮಿತಿಯೊಳಗೆ ನೋಂದಣಿ ಇಲ್ಲದೆ ಹೊರರಾಜ್ಯಕ್ಕೆ ಮಾರಬಹುದು. ಕೆತ್ತನೆಯ ಮರದ ವಸ್ತು, ಬಿದಿರಿನ ಸಾಮಾನು, ಬೊಂಬೆಗಳಂಥವು ಆ ಪಟ್ಟಿಯಲ್ಲಿವೆ. ನಿಮ್ಮ ವಸ್ತು ಅದರಲ್ಲಿದೆಯೇ ಎಂದು ತೆರಿಗೆ ಸಲಹೆಗಾರರಲ್ಲಿ ಖಚಿತಪಡಿಸಿಕೊಳ್ಳಿ. ಎರಡು ಷರತ್ತುಗಳಿವೆ:

1. ಪ್ಯಾನ್ ಇರಬೇಕು.

2. ಸರಕಿನ ಬೆಲೆ ಎಷ್ಟೇ ಕಡಿಮೆ ಇದ್ದರೂ ಇ-ವೇ ಬಿಲ್ ಮಾಡಿಸಬೇಕು. ಉಳಿದ ಸರಕುಗಳಿಗಿರುವ 50,000 ರೂಪಾಯಿಯ ಮಿತಿ ಇಲ್ಲಿ ಅನ್ವಯಿಸದು. ಮಂಗಳೂರಿನ ಮಾರಾಟ ಮೇಳಕ್ಕೆ ಎಂಟು ಸಾವಿರದ ಬುಟ್ಟಿ ಒಯ್ದರೂ ಬಿಲ್ ಜೊತೆಗಿರಲಿ.

ಅಮೆಜಾನ್‌ನಂಥ ತಾಣಗಳಲ್ಲಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರು 2023ರ ಅಕ್ಟೋಬರ್ 1ರಿಂದ ಸರಕು ಮಾರಬಹುದಾದರೂ ಅದು ರಾಜ್ಯದೊಳಗೆ ಮಾತ್ರ. ಅಲ್ಲಿಂದ ಕರ್ನಾಟಕದ ಗ್ರಾಹಕರಿಗೆ ಕಳಿಸಬೇಕಾದರೆ ಜಿಎಸ್‌ಟಿ ನೋಂದಣಿ ಬೇಕು.

ಸಂಭಾವನೆಯಲ್ಲಿ ಟಿಡಿಎಸ್ ಕಡಿತವಾಗಿದ್ದರೆ ಅದು ನಿಮ್ಮದೇ ಹಣ. ವರಮಾನ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ ವಿವರ ಸಲ್ಲಿಸಿ ಮರಳಿ ಪಡೆಯಿರಿ.

ಹಣ ಬಾರದಿದ್ದರೆ

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಸಣ್ಣವರ ಪಾಲಿಗೆ ಬಹಳ ಗಟ್ಟಿಯಾದ ಕಾನೂನು. ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ಉತ್ಪಾದಕರಿಗೆ, ಸೇವೆ ನೀಡುವವರಿಗೆ ಖರೀದಿದಾರರು ಬರಹದ ಕರಾರು ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು; ಕರಾರು ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಸೌಲಭ್ಯ ಇಲ್ಲ, ಸ್ವತಃ ತಯಾರಿಸುವವರಿಗೆ ಇದೆ.

ಖರೀದಿದಾರರು ಭಾರತದ ಎಲ್ಲೇ ಇರಲಿ, ದೂರನ್ನು ಮಾರಾಟಗಾರರ ರಾಜ್ಯದ ಸೌಲಭ್ಯ ಮಂಡಳಿಯೇ ಕೇಳುತ್ತದೆ. ಅಂದರೆ ಬೆಂಗಳೂರಿನ ಅಂಗಡಿ ಬಾಕಿ ಇಟ್ಟರೂ ನಿಮ್ಮ ಅರ್ಜಿ ಕೇರಳದ ಮಂಡಳಿಗೆ ಹೋಗುತ್ತದೆ. ನೀವು ಬೆಂಗಳೂರಿಗೆ ಅಲೆಯಬೇಕಿಲ್ಲ. ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರರು ಮೊದಲು ಶೇ 75ರಷ್ಟು ಮೊತ್ತ ಠೇವಣಿ ಇಡಬೇಕು. ದೂರು ಸಲ್ಲಿಸುವುದು ಆನ್‌ಲೈನ್‌ನಲ್ಲಿ. ಎಷ್ಟೋ ಸಲ ಈ ಬಡ್ಡಿಯ ಲೆಕ್ಕವನ್ನು ಬರೆದ ಒಂದು ಪತ್ರವೇ ಹಣ ತರಿಸಿಕೊಡುತ್ತದೆ.

ಚೆಕ್ ವಾಪಸಾದರೆ ದಿನಗಳ ಲೆಕ್ಕ ಕಟ್ಟುನಿಟ್ಟು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ಬರಹದ ನೋಟಿಸ್ ಕೊಡಿ. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಹೂಡಿ. ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ದೂರು ಕೊಡಬಹುದು. ಇನ್ನು ಸಾಮಾನ್ಯ ಹಣದ ದಾವೆಗೆ ಮೂರು ವರ್ಷದ ಗಡುವು. ಪರಿಚಿತರೆಂದು ಕಾಯುತ್ತಾ ಈ ಮೂರು ವರ್ಷವನ್ನು ಕಳೆದುಕೊಳ್ಳುವವರು ಬಹಳ ಮಂದಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸಹಿ ಹಾಕಿದವರು ಓದಿ ತಿಳಿದೇ ಹಾಕಿದ್ದಾರೆ ಎಂದು ನ್ಯಾಯಾಲಯ ಮೊದಲು ಭಾವಿಸುತ್ತದೆ. ಮಲಯಾಳ ಅಥವಾ ಇಂಗ್ಲಿಷ್ ಕರಾರು ಬಂದರೆ ಕನ್ನಡದ ಪ್ರತಿ ಕೇಳಿ. ಅವಸರ ಮಾಡಿದರೆ ಒಂದು ದಿನ ತಡೆಯಿರಿ.

ನೋಂದಣಿ ಆಗುವ ಮೊದಲೇ ವೃತ್ತದೊಳಗೆ ‘ಆರ್’ ಇರುವ ಚಿಹ್ನೆಯನ್ನು ಹೆಸರಿನ ಪಕ್ಕ ಮುದ್ರಿಸುವುದು ಅಪರಾಧ. ಅರ್ಜಿ ಹಾಕಿದ ಹಂತದಲ್ಲಿ ‘ಟಿಎಂ’ ಎಂದು ಹಾಕಿಕೊಳ್ಳಬಹುದು.

ಮಾಡಿದ ಕೆಲಸಕ್ಕೆ ಬಿಲ್ ಬರೆಯದಿರುವುದು. ಸಂಖ್ಯೆ, ದಿನಾಂಕ ಇರುವ ಕೈಬರಹದ ಬಿಲ್ ಸಾಕು. ಅದರ ಎರಡನೆಯ ಪ್ರತಿಗೆ, ವಸ್ತು ತಲುಪಿದ ಬಗ್ಗೆ, ಅತ್ತ ಕಡೆಯವರ ಸಹಿ ಪಡೆಯಿರಿ. 45 ದಿನ ಎಣಿಸಲು ಆರಂಭವಾಗುವುದು ಅಲ್ಲಿಂದ.

ತನ್ನ ವಿಳಾಸಕ್ಕೆ ತಾನೇ ರಿಜಿಸ್ಟರ್ಡ್ ಅಂಚೆಯಲ್ಲಿ ಚಿತ್ರ ಕಳಿಸಿಕೊಂಡರೆ ಕೃತಿಸ್ವಾಮ್ಯ ನೋಂದಣಿಯಾದಂತೆ ಎಂಬ ನಂಬಿಕೆ ಇದೆ. ಹಾಗಿಲ್ಲ. ದಿನಾಂಕವಿರುವ ಕರಡು, ಕೆಲಸದ ಹಂತದ ಫೋಟೊಗಳು ಅದಕ್ಕಿಂತ ಒಳ್ಳೆಯ ಪುರಾವೆ. ಬೆಲೆಬಾಳುವ ಕೃತಿಯಾದರೆ 500 ರೂಪಾಯಿ ಕೊಟ್ಟು ನಿಜವಾದ ನೋಂದಣಿಯನ್ನೇ ಮಾಡಿಸಿ.

ಕನ್ನಡದಲ್ಲಿ ಕೇಳಿ, ನೆರವು ಪಡೆಯಿರಿ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿನ ಕನ್ನಡಿಗರು ಕಚೇರಿಯ ಭಾಷೆಯೊಂದಿಗೆ ಹೆಣಗುತ್ತಲೇ ಬಂದಿದ್ದಾರೆ. ಅರ್ಜಿಯ ನಮೂನೆ ತಿಳಿಯದೆಯೇ ಸೌಲಭ್ಯ ಬಿಟ್ಟವರೂ ಇದ್ದಾರೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಡುತ್ತದೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವುದನ್ನೂ, ಅದಕ್ಕೆ ಕನ್ನಡದಲ್ಲೇ ಉತ್ತರ ಪಡೆಯುವುದನ್ನೂ 1969ರ ಕೇರಳ ಅಧಿಕೃತ ಭಾಷಾ ಕಾನೂನು ಮಾನ್ಯ ಮಾಡಿತು. ಕನ್ನಡದಲ್ಲಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಮೌಖಿಕವಾಗಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂಬುದು ಹಿಂಜರಿಯಲು ಕಾರಣವಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಬುಟ್ಟಿ ಹೆಣೆಯುವ ಕೊರಗ ಕುಟುಂಬಗಳು, ಹೊಲಿಗೆ ನೇಯ್ಗೆಯ ಮಹಿಳೆಯರು ಎಲ್ಲರೂ ಇದರಲ್ಲಿ ಬರುತ್ತಾರೆ. ಉಳಿದವರಿಗೆ ವರಮಾನದ ಮಿತಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿದೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ಹೋಗುವಾಗ ಕರಾರಿನ ಹಾಳೆ ಅಥವಾ ಸಂದೇಶವಿರುವ ಫೋನ್, ಬಿಲ್‌ನ ಪ್ರತಿ, ಮುಂಗಡ ಬಂದ ಬ್ಯಾಂಕ್ ದಾಖಲೆ, ವಸ್ತುವಿನ ಫೋಟೊ, ಉದ್ಯಮ್ ಪ್ರಮಾಣಪತ್ರ ಮತ್ತು ನಡೆದದ್ದನ್ನು ದಿನಾಂಕವಾರು ಬರೆದ ಒಂದು ಪುಟವನ್ನು ಒಯ್ಯಿರಿ.